ಬುತ್ತಿಗಾಗುವಷ್ಟು ಬೆಂಕಿ

ಚಳಿಗಾಲ ಬಲಿತಿತ್ತು. ಕಂಬಳಿ ಕಾರ್ಖಾನೆಯಲ್ಲಿ ಬಣ್ಣದ ತೊಟ್ಟಿಗಳು ಬೆಳಗಿನಿಂದಲೇ ಹಬೆಯಾಡುತ್ತಿದ್ದವು. ಆದರೆ ಆ ಹಬೆ ಈಗ ಬಾಯ್ಲರ್ ಅಜ್ಜನ ಬೆಂಕಿಯದಲ್ಲ. ಅವನು ಇಷ್ಟು ವರ್ಷ ಇದ್ದಲು ತಿನ್ನಿಸಿ ಸಾಕಿದ ಹಳೆಯ ಬಾಯ್ಲರಿನ ಪಕ್ಕದಲ್ಲೇ ಕರೆಂಟಿನದೊಂದು ಬಂದು ಕೂತಿತ್ತು. ಅದಕ್ಕೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಕರೆಂಟು. ಕಂಬಳಿ ಕೊಳ್ಳುವ ದೊಡ್ಡ ಕಂಪನಿ ತನ್ನ ಅಂಗಡಿ, ಉಗ್ರಾಣಗಳನ್ನೆಲ್ಲ ಬಿಸಿಲು-ಗಾಳಿಯ ಕರೆಂಟಿಗೆ ಬದಲಿಸಿಕೊಂಡು, ಮಾಲು ಒದಗಿಸುವವರಿಗೂ ಕಟ್ಟಪ್ಪಣೆ ಮಾಡಿತ್ತು: ಹೊಗೆ ಕಂಡರೆ ಕಂಬಳಿ ಬೇಡ.

“ಇವತ್ತಿಂದ ಬೆಂಕಿ ಇಲ್ಲ, ಅಜ್ಜಾ. ಗುಂಡಿ ಒತ್ತಿ ರಾಜನ ಹಾಗೆ ಕೂತ್ಕೊಳ್ಳಿ. ಮಧ್ಯಾಹ್ನ ಕಂಪನಿಯೋರು ನೋಡೋಕೆ ಬರ್ತಾರೆ,” ಎಂದು ಯಜಮಾನರು ಬೆಳಗ್ಗೆಯೇ ಹೇಳಿ ಹೋಗಿದ್ದರು.

ಅಜ್ಜ ಗುಂಡಿ ಒತ್ತಿದ್ದ. ಅದು ಟಿಕ್ ಎಂದು, ಸದ್ದಿಲ್ಲದೆ ಕೆಲಸಕ್ಕೆ ಹತ್ತಿತ್ತು. ಹಳೆಯದು ಹಾಗಲ್ಲ, ಗೊರಕೆ ಹೊಡೆಯುತ್ತಿತ್ತು, ಕೆಮ್ಮುತ್ತಿತ್ತು, ಮುನಿಸಿಕೊಂಡು ಕೂರುತ್ತಿತ್ತು. ಹತ್ತಿರದ ನೆಂಟರ ಹಾಗೆ.

ಅದಾದರೂ ಹೋಗಲಿ, ಊಟದ ಹೊತ್ತಿನದೇ ಅವನಿಗೆ ದೊಡ್ಡ ಚಿಂತೆ. ಹಳೆ ಬಾಯ್ಲರಿನ ಕಬ್ಬಿಣದ ಕಟ್ಟೆಯ ಮೇಲೆ ಕಾರ್ಖಾನೆಯವರೆಲ್ಲ ಬುತ್ತಿ ಬಿಸಿಗಿಡುತ್ತಿದ್ದರು. ಅದು ಕಾಯುವಷ್ಟು ಹೊತ್ತೂ ಕೋಣೆ ತುಂಬ ಜಗಳ, ನಗೆ, ಯಾರದೋ ಸೊಸೆಯ ಸುದ್ದಿ. ಮನೆಯಲ್ಲಿ ಅಜ್ಜನನ್ನು ಮಾತಾಡಿಸುವವರಿಲ್ಲ. ಅವನ ನಾಲಿಗೆಗೆ ದಿನಕ್ಕೊಮ್ಮೆ ಕೆಲಸ ಸಿಗುತ್ತಿದ್ದುದು ಅಲ್ಲೇ. ಬೆಂಕಿಯಿಲ್ಲದ ಕೋಣೆಗೆ ಯಾರು ಬಂದಾರು?

‘ಬುತ್ತಿಗಾಗುವಷ್ಟು ಮಾತ್ರ’ ಎಂದುಕೊಂಡು, ಊಟದ ಗಂಟೆಗೆ ಸ್ವಲ್ಪ ಮುಂಚೆ ಹಳೆ ಬಾಯ್ಲರಿಗೆ ಬೊಗಸೆ ಇದ್ದಲು ಹಾಕಿ ಕಡ್ಡಿ ಗೀರಿದ.

ಚಿಮಣಿ ತಣ್ಣಗಾಗಿತ್ತು. ಎರಡು ಸಲ ಬಿಕ್ಕಳಿಸಿ, ಕರಿ ಎಮ್ಮೆಯಂಥ ಹೊಗೆಯನ್ನು ಆಕಾಶಕ್ಕೆ ಬಿಟ್ಟಿತು. ಡಬ್ಬಿ ಹಿಡಿದು ಜನವೂ ಬಂತು, ಗೇಟಿನೊಳಗೆ ಕಂಪನಿಯ ಕಾರೂ ಬಂತು.

ಬಣ್ಣದ ಮೇಸ್ತ್ರಿ ಓಡಿಬಂದ. “ಅಜ್ಜಾ, ಎಲ್ಲರ ಅನ್ನಕ್ಕೆ ಕಲ್ಲು ಹಾಕ್ತೀರಲ್ಲ! ನೀರು ಹುಯ್ಯಿರಿ!”

“ಹುಯ್ಯಬೇಡ್ರೀ, ನನ್ ಡಬ್ಬಿ ಇನ್ನೂ ತಣ್ಣಗಿದೆ,” ಎಂದಳು ಅಂಚು ಹೊಲಿಯುವ ಅಕ್ಕ.

ಮೇಸ್ತ್ರಿ ಕೈಗೆ ಸಿಕ್ಕಿದ ಬಕೆಟ್ಟನ್ನು ಎತ್ತಿ ಎರಚಿದ. ಅದರಲ್ಲಿದ್ದದ್ದು ಕಂಬಳಿಯ ಬಣ್ಣ. ಬೆಂಕಿ ಆರಲಿಲ್ಲ, ಹೊಗೆ ಇಮ್ಮಡಿಸಿತು, ಅಜ್ಜನ ಮುಖ ಬದನೆಕಾಯಿಯಾಯಿತು.

ಅಂಗಳದಲ್ಲಿ ಯಜಮಾನರ ದನಿ ಕೇಳಿಸಿತು: “ಅದು ಮೋಡ, ಮೇಡಂ. ಚಳಿಗಾಲದಲ್ಲಿ ನಮ್ಮ ಕಡೆ ಸ್ವಲ್ಪ ಕೆಳಗೇ ಇರುತ್ತೆ.”

“ಚಿಮಣಿಯೊಳಗಿಂದಾನೇ ಬರುತ್ತಾ?” ಎನ್ನುತ್ತ ತಪಾಸಣೆಯ ಮೇಡಂ ನೇರ ಬಾಯ್ಲರ್ ಕೋಣೆಗೇ ಬಂದರು. ಸಾಲಾಗಿಟ್ಟ ಡಬ್ಬಿಗಳನ್ನೂ ಸುತ್ತ ನಿಂತ ಜನವನ್ನೂ ನೇರಳೆ ಬಣ್ಣದ ಮುದುಕನನ್ನೂ ನೋಡಿದರು.

“ಬೇಡ ಅಂದ ಮೇಲೂ ಯಾಕೆ ಹಚ್ಚಿದ್ರಿ?”

ಒಬ್ಬನೇ ಆಗಿಬಿಡ್ತೀನಿ ತಾಯಿ, ಎನ್ನುವ ಮಾತು ಅಜ್ಜನ ಗಂಟಲವರೆಗೆ ಬಂತು. ಅಷ್ಟು ಜನರೆದುರು ನಾಚಿಕೆಯಾಯಿತು.

“ಪಾಪ, ಇವರೆಲ್ಲ ತಣ್ಣಗಿನದ್ದು ತಿನ್ನಬೇಕಲ್ಲಮ್ಮ, ಅದಕ್ಕೆ,” ಎಂದ.

ಮೇಡಂ ಮುಖ ಮೆತ್ತಗಾಯಿತು. ಯಜಮಾನರ ಕಡೆ ತಿರುಗಿ, “ಇವರಿಗಿರೋ ಕಾಳಜಿ ನಿಮಗೂ ಇರಬೇಕಿತ್ತು. ಇವತ್ತೇ ಪ್ರತಿ ಮೇಜಿಗೂ ಕರೆಂಟಿನ ಬಿಸಿತಟ್ಟೆ ಹಾಕಿಸಿ. ಆಮೇಲೆ ಕಂಬಳಿ ತಗೋತೀವಿ,” ಎಂದರು.

ಜನ ಕೂಗಿ, ಅಜ್ಜನನ್ನು ಎತ್ತಿ ಕುಣಿಸಿತು. “ನಿಮ್ಮ ಋಣ ಹೆಂಗೆ ತೀರಿಸೋದು ಅಜ್ಜಾ!” ಎಂದು ಅಕ್ಕ ಕಣ್ಣೊರೆಸಿಕೊಂಡಳು.

ಮರುದಿನ ಊಟದ ಗಂಟೆ ಹೊಡೆಯಿತು. ಅಜ್ಜ ಅಭ್ಯಾಸಬಲದಿಂದ ಕಟ್ಟೆ ಒರೆಸಿ ಕಾದ. ಯಾರೂ ಬರಲಿಲ್ಲ. ಅಂಗಳದಾಚೆಯ ಹೊಲಿಗೆಮನೆಯಿಂದ ನಗೆ ಕೇಳುತ್ತಿತ್ತು. ಬಿಸಿ ಮಾಡಿಕೊಳ್ಳುವ ನೆಪದಲ್ಲಿ ಅಲ್ಲಿಗೇ ಹೋದರಾಯಿತು ಎಂದು ತನ್ನ ಡಬ್ಬಿ ಹಿಡಿದು ಎದ್ದ.

ಬಾಗಿಲಲ್ಲಿ ಮೇಸ್ತ್ರಿಯೂ ಅಕ್ಕನೂ ಎದುರಾದರು. ಮೇಸ್ತ್ರಿಯ ಕೈಯಲ್ಲಿ ಹೊಳೆಯುವ ಹೊಸ ಬಿಸಿತಟ್ಟೆ.

“ಕೂತ್ಕೊಳ್ಳಿ, ಕೂತ್ಕೊಳ್ಳಿ! ಈ ವಯಸ್ಸಲ್ಲಿ ಅಷ್ಟು ದೂರ ನಡೀಬೇಕಾ? ಎಲ್ಲರೂ ಸೇರಿ ಯಜಮಾನರ ಹತ್ರ ಹಟ ಹಿಡಿದ್ವಿ. ನಿಮಗೆ ಇಲ್ಲೇ ಒಂದು, ಪ್ರತ್ಯೇಕ!”

ಅಕ್ಕ ಅವನ ಡಬ್ಬಿ ಇಸಿದುಕೊಂಡು ತಟ್ಟೆಯ ಮೇಲಿಟ್ಟಳು. “ಋಣ ತೀರಿತು ನೋಡಿ,” ಎಂದು ನಕ್ಕಳು.

ಒಳಗೆ ಚಳಿ ಬಾರದಿರಲಿ ಎಂದು, ಹೋಗುವಾಗ ಬಾಗಿಲನ್ನೂ ಭದ್ರವಾಗಿ ಎಳೆದುಕೊಂಡು ಹೋದರು.