ಕೆಂಪು ಚೀಟಿಯ ಡಬ್ಬಿ

ಈ ಸಲ ಹಲಗೆಯ ಮೇಲೆ ತನ್ನ ಹೆಸರು ಬರೆಸಿಯೇ ತೀರುವುದೆಂದು ವರ್ಲಿನ್ ಹಾಲ್ವರ್ಸನ್ ಏಪ್ರಿಲ್ ತಿಂಗಳಲ್ಲೇ ಘೋಷಿಸಿಬಿಟ್ಟ. ಘೋಷಣೆ ಕೇಳಲು ಅಡುಗೆಮನೆಯಲ್ಲಿದ್ದವರು ಇಬ್ಬರೇ, ಹೆಂಡತಿ ಅರ್ಡಿಸ್ ಮತ್ತು ಬೆಕ್ಕು. ಬೆಕ್ಕು ಎದ್ದು ಹೋಯಿತು.

ಹಲಗೆ ಎಂದರೆ ಊರಿನ ಕೋವಿ ಸಂಘದ ಗೋಡೆಯಲ್ಲಿದ್ದ ಪೈನ್ ಮರದ ಹಲಗೆ. ಅಮೆರಿಕದ ಮಾಂಟಾನಾದ ಆ ಪುಟ್ಟ ಊರಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಮುಂಚೆ ಪ್ರತಿವರ್ಷ ಪಂದ್ಯ. ಇನ್ನೂರು ಗಜ, ಐದು ಗುಂಡು. ಯಾರ ಐದು ತೂತುಗಳು ಒತ್ತೊತ್ತಾಗಿ ಬಿದ್ದವೋ ಅವರ ಹೆಸರು ಹಲಗೆಗೆ, ಪಕ್ಕದಲ್ಲಿ ಅವರ ತೋಟಾದ ವಿವರ. ಕಾರ್ಯದರ್ಶಿ ಮಿಲ್ಟ್ ಯಾರ ಬಾಯಿಮಾತನ್ನೂ ನಂಬುವವನಲ್ಲ. ತೋಟಾ ಡಬ್ಬಿಯ ಚೀಟಿಯಲ್ಲಿ ಏನಿದೆಯೋ ಅದನ್ನೇ ಒಂದಕ್ಷರ ಬಿಡದೆ ಬಣ್ಣದಲ್ಲಿ ಬರೆಯುತ್ತಿದ್ದ. ವರ್ಲಿನ್‌ನ ಅಪ್ಪನ ಹೆಸರು ಅಲ್ಲಿ ಎರಡು ಸಲ ಇತ್ತು. ಅರವತ್ತೊಂದು ತುಂಬಿದ ವರ್ಲಿನ್‌ನದು ಒಂದೂ ಇರಲಿಲ್ಲ. ಸಂಘದಲ್ಲಿ ಕಾಫಿ ಕುಡಿಯುವಾಗಲೆಲ್ಲ ಅವನು ಹಲಗೆಗೆ ಬೆನ್ನು ಹಾಕಿಯೇ ಕೂರುತ್ತಿದ್ದ.

ಅಂಗಡಿಯ ತೋಟಾ ಮುಟ್ಟುವ ಕುಲವಲ್ಲ ಅವನದು. ಸುಟ್ಟ ತೋಟಾಗಳ ಹಿತ್ತಾಳೆ ಚಿಪ್ಪುಗಳನ್ನು ತೊಳೆದು, ಅರ್ಡಿಸ್‌ಳ ಬಿಸ್ಕತ್ತಿನ ತಟ್ಟೆಯಲ್ಲಿ ಒಣಗಿಸಿ, ಚಿನ್ನ ತೂಗುವಂತೆ ಮದ್ದು ತೂಗಿ, ಗುಂಡು ಕೂರಿಸಿ, ಗ್ಯಾರೇಜಿನಲ್ಲಿ ಮೊದಲ ಇಪ್ಪತ್ತನ್ನು ತಯಾರಿಸಿದ. ಹೊಡೆದು ನೋಡಿದರೆ ತೂತುಗಳು ಊಟದ ತಟ್ಟೆಯಷ್ಟು ಅಗಲಕ್ಕೆ ಚೆಲ್ಲಾಡಿದ್ದವು.

ತಪ್ಪು ಮದ್ದಿನದು ಎಂದು ತೀರ್ಪಾಯಿತು. ದಪ್ಪ ಕಾಳಿನ ಮದ್ದು, ಒಂದೊಂದು ಚಿಪ್ಪಿಗೆ ಒಂದೊಂದು ಅಳತೆ ಬೀಳುತ್ತಿದೆಯಂತೆ. ಸಣ್ಣ ಕಾಳಿನದು ತಂದ. ಮತ್ತೆ ಊಟದ ತಟ್ಟೆ. ಹಾಗಾದರೆ ತಪ್ಪು ಗುಂಡು ಕೂರಿಸಿದ್ದರಲ್ಲಿ! ಚಿಪ್ಪಿನೊಳಗೆ ಅದು ತೀರ ಆಳಕ್ಕೆ ಹೋಗಿದೆ. ಮುಂದಕ್ಕೆ ತಂದು, ನಳಿಗೆಯೊಳಗಿನ ಗೀರುಗಳಿಗೆ ಅದರ ಮೂಗು ತಾಗುವಂತೆ ಕೂರಿಸಬೇಕು. ಆ ಅಳತೆ ಹಿಡಿಯಲು ನಳಿಗೆ ಒರೆಸುವ ಸರಳನ್ನೇ ಗ್ಯಾರೇಜಿನ ಮೇಜಿಗೆ ಬಿಗಿದು, ಮೂರು ವಾರ ಕಣ್ಣು ಕಿರಿದುಮಾಡಿಕೊಂಡು ಕೂತ.

ಬಿಸ್ಕತ್ತಿನ ತಟ್ಟೆ ಹುಡುಕಿಕೊಂಡು ಬಂದ ಅರ್ಡಿಸ್ ಹೇಳಿದಳು: "ಕೋವಿ ಮೇಲಿನ ದುರ್ಬೀನು ಅಲ್ಲಾಡ್ತಿದೆ, ವರ್ಲಿನ್. ಧೂಳು ಒರೆಸುವಾಗ ನೋಡಿದೆ."

"ಇದು ಮದ್ದಿನ ವಿಷಯ, ಅರ್ಡಿಸ್. ಧೂಳಿನದಲ್ಲ."

ಅವಳು ತಟ್ಟೆ ಎತ್ತಿಕೊಂಡಳು. ಪಂದ್ಯಕ್ಕೆ ತನಗೂ ನಾಲ್ಕಾರು ತೋಟಾ ಬೇಕಿತ್ತು ಎಂದಳಷ್ಟೆ. ಅವಳ ಅಪ್ಪ ಬಿಟ್ಟುಹೋದ ಹಳೆಯ ಕೋವಿಗೂ ಇದೇ ಅಳತೆಯ ತೋಟಾ. ವರ್ಲಿನ್ ಧಾರಾಳಿ. ಮೊದಲು ಮಾಡಿದ ಇಪ್ಪತ್ತರಲ್ಲಿ ಉಳಿದಿದ್ದ ಎಂಟನ್ನು ಡಬ್ಬಿಗೆ ಹಾಕಿ, ತನ್ನವುಗಳ ಜೊತೆ ಬೆರೆಯದಿರಲೆಂದು ಮೇಲೊಂದು ಚೀಟಿ ಅಂಟಿಸಿ, ಕೆಂಪು ಪೆನ್ನಿನಲ್ಲಿ ಏನೋ ಗೀಚಿ ಕೊಟ್ಟ. ತನ್ನ ಡಬ್ಬಿಗೆ ಮಾತ್ರ ಆಸ್ಥಾನ ಕವಿಯಂತೆ ಯೋಚಿಸಿ, ದುಂಡಗೆ "ಹಾಲ್ವರ್ಸನ್ ಪರಮೋಚ್ಚ" ಎಂದು ಬರೆದ.

ಪಂದ್ಯದ ದಿನ ಅವನ ಮೊದಲ ಗುಂಡು ಎಡಕ್ಕೆ ಹೋಯಿತು, ಎರಡನೆಯದು ಬಲಕ್ಕೆ. ಗಾಳಿ ಎಂದ. ಒಂದು ಎಲೆಯೂ ಅಲುಗಿರಲಿಲ್ಲ. ಮೂರನೆಯದನ್ನು ಏರಿಸಿ ಉಸಿರು ಬಿಗಿಹಿಡಿದಿದ್ದಾಗ ಗುರಿಹಲಗೆಗಳ ಮುಂದೆ ಕರಿಯ ಹಸುವೊಂದು ಬಂದು, ತನ್ನದೇ ಜಮೀನೆಂಬಂತೆ ಮೇಯತೊಡಗಿತು. ಮಿಲ್ಟ್ ಸೀಟಿ ಊದಿದ. ನಿಯಮ ನಿಯಮವೇ: ಎಲ್ಲರೂ ತೋಟಾ ಹೊರತೆಗೆದು, ಕೋವಿ ತೆರೆದಿಟ್ಟು, ಹಿಂದೆ ಸರಿಯಬೇಕು.

ವರ್ಲಿನ್ ಕೋವಿಯ ಬೋಲ್ಟ್ ಹಿಂದಕ್ಕೆ ಎಳೆದ. ಚಿಪ್ಪು ಬಂತು. ಗುಂಡು ಬರಲಿಲ್ಲ. ಮೂರು ವಾರ ಕೂತು ಕೂರಿಸಿದ್ದ ಗುಂಡು ಗೀರುಗಳನ್ನು ಕಚ್ಚಿಕೊಂಡು ನಳಿಗೆಯಲ್ಲೇ ಮನೆ ಮಾಡಿತ್ತು. ಬಾಯಿ ತೆರೆದ ಚಿಪ್ಪಿನಿಂದ ಆ ಸಣ್ಣ ಕಾಳಿನ ಮದ್ದು ಗಸಗಸೆಯಂತೆ ಸುರಿದು ಕೋವಿಯ ಸಂದುಗೊಂದಿನಲ್ಲೆಲ್ಲ ತುಂಬಿತು. ಕೋವಿಯ ಕುದುರೆಯನ್ನು ಬೆರಳಲ್ಲಿ ಒತ್ತಿದರೆ ಅಲುಗಲಿಲ್ಲ.

"ಸರಳು ಹಾಕಿ ತಳ್ಳು, ಮಾರಾಯ," ಎಂದ ಮಿಲ್ಟ್.

ಸರಳು ಮನೆಯ ಗ್ಯಾರೇಜಿನಲ್ಲಿ, ಮೇಜಿಗೆ ಬಿಗಿದಂತೆಯೇ ಇತ್ತು.

ಮಿಲ್ಟ್ ತನ್ನದನ್ನು ತಂದು, ಗುಂಡನ್ನು ಹಿಂದಕ್ಕೆ ತಟ್ಟಿ ಬೀಳಿಸಿ, ಕೋವಿಯನ್ನು ಎತ್ತಿ ಕೊಡುವಾಗ ಅವನ ಹೆಬ್ಬೆರಳು ದುರ್ಬೀನಿಗೆ ತಾಗಿತು. ಅದು ಕೀಲು ಸಡಿಲವಾದ ಬಾಗಿಲಿನಂತೆ ಕಟಕಟ ಎಂದಿತು. ಮಿಲ್ಟ್ ಇನ್ನೊಮ್ಮೆ ಬೇಕೆಂದೇ ಅಲ್ಲಾಡಿಸಿ ನೋಡಿ, ಕೋವಿಯನ್ನು ವರ್ಲಿನ್‌ನ ಕೈಗಿಟ್ಟ. ವರ್ಲಿನ್‌ನ ಪಂದ್ಯ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಹಸುವನ್ನು ಓಡಿಸಿಯಾಗಿತ್ತು. ಮೂರು ಮೇಜು ಆಚೆ ಅರ್ಡಿಸ್ ಉಳಿದ ಗುಂಡುಗಳನ್ನು ಹೊಲಿಗೆ ಹಾಕುವಷ್ಟೇ ಸಾವಧಾನವಾಗಿ ಹೊಡೆದು, ತಾನು ಬೇಯಿಸಿ ತಂದಿದ್ದ ರುಬಾರ್ಬ್ ಪೈ ಎಂಬ ಹುಳಿಸಿಹಿ ತಿಂಡಿಯನ್ನು ಹೋಳು ಮಾಡಲು ಹೋದಳು. ಗುರಿಹಲಗೆಗಳು ಬಂದವು. ಅವಳ ಐದು ತೂತುಗಳನ್ನೂ ಒಂದು ಬಿಸ್ಕತ್ತಿನ ಕೆಳಗೆ ಮುಚ್ಚಬಹುದಿತ್ತು.

ವರ್ಲಿನ್‌ಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆದರೆ ಎದೆ ತಾನಾಗಿಯೇ ಉಬ್ಬಿತು. ಆ ಮದ್ದನ್ನು ತೂಗಿದವನು ಯಾರು? ಆ ಗುಂಡುಗಳನ್ನು ಕೂರಿಸಿದವನು ಯಾರು? ಸಿಕ್ಕಸಿಕ್ಕವರ ಕೈಕುಲುಕಿ, ಹೆಂಡತಿ ತನ್ನವಳು, ತೋಟಾವೂ ತನ್ನದೇ ಎಂದು ಸಾರುತ್ತ ತಿರುಗಿದ. ಮಿಲ್ಟ್ ಬಣ್ಣದ ಡಬ್ಬಿ ಬಿಚ್ಚಿ ಚೀಟಿ ಎಲ್ಲಿ ಎಂದು ಕೇಳಿದಾಗ ಮಾತ್ರ ಅವನು ಕೈಯಲ್ಲಿದ್ದ ಪೈ ಕೆಳಗಿಟ್ಟು ಅಡ್ಡ ಬಂದ.

"ಅದು ಬೇಡ, ಮಿಲ್ಟ್. ವಿವರ ನಾನೇ ಹೇಳ್ತೀನಿ."

"ಚೀಟಿಯಲ್ಲಿ ಇದ್ದದ್ದೇ ಬರೆಯೋದು. ನಿಮ್ಮಪ್ಪ ಮಾಡಿದ ನಿಯಮ," ಎಂದ ಮಿಲ್ಟ್.

ಈಗ ವರ್ಲಿನ್ ಹಲಗೆಗೆ ಮುಖಮಾಡಿಯೇ ಕಾಫಿ ಕುಡಿಯುತ್ತಾನೆ. ಹೊಸಬರು ಬಂದರೆ ಕರೆದು ತೋರಿಸುತ್ತಾನೆ ಕೂಡ. ಅಪ್ಪನ ಹೆಸರಿನ ಕೆಳಗೆ ಅಂದವಾದ ಬಿಳಿ ಅಕ್ಷರಗಳಲ್ಲಿ ಹೀಗಿದೆ: ಅರ್ಡಿಸ್ ಹಾಲ್ವರ್ಸನ್. ತೋಟಾ: "ಕಸ. ಅವಳಿಗೆ ಇಷ್ಟೇ ಸಾಕು."

ಮೊನ್ನೆ ಅವನು ಮತ್ತೆ ಗ್ಯಾರೇಜಿಗೆ ಹೊರಟಾಗ ಅರ್ಡಿಸ್ ತಾನಾಗಿಯೇ ಬಿಸ್ಕತ್ತಿನ ತಟ್ಟೆ ತಂದುಕೊಟ್ಟಳು.

"ಈ ವರ್ಷವೂ ನನಗೆ ಕಸವನ್ನೇ ಮಾಡಿಕೊಡು. ದಯವಿಟ್ಟು ಒಳ್ಳೇದು ಮಾಡೋಕೆ ಹೋಗಬೇಡ."