ಹುಳಿ ಹಿಡಿಯುವ ಡಬ್ಬಿ

ಬಚ್ಚಲ ಮೋರಿಗೆ ತಗಡಿನ ಡಬ್ಬಿಯೊಂದನ್ನು ಸಿಕ್ಕಿಸಿ ಈರಣ್ಣ ಎದೆಯುಬ್ಬಿಸಿ ನಿಂತ. ಮೋಟರು ರಿಪೇರಿ ಅಂಗಡಿಯ ಈ ಭೂಪ ದ್ಯಾಮಪ್ಪನ ಹೆಂಡತಿಯ ತಮ್ಮ. ದ್ಯಾಮಪ್ಪನ ಮೂತ್ರಪಿಂಡದಲ್ಲಿ ಕಲ್ಲಿತ್ತು. ಇದು ಹುಳಿ ಮೂತ್ರದಲ್ಲಿ ಬೆಳೆಯುವ ಜಾತಿ, ಕ್ಷಾರಕ್ಕೆ ಕರಗುತ್ತದೆ ಎಂದು ಡಾಕ್ಟರು ಔಷಧ ಬರೆದಿದ್ದರು. ಕರಗದಿದ್ದರೆ ಆಪರೇಷನ್. ಚಾಕುವಿಗೆ ಹೆದರಿದ ದ್ಯಾಮಪ್ಪ ಮುಖ ಕಿವಿಚಿಕೊಂಡು ತಪ್ಪದೆ ಕುಡಿಯುತ್ತಿದ್ದ. ಮರುದಿನ ಸ್ಕ್ಯಾನಿಂಗ್.

"ಔಷಧ ಭಾಳ ನಿಧಾನ, ಮಾವ. ಇದಕ್ಕ ನಾಲಿಗಿ ಐತಿ. ಹುಳಿ ಹತ್ತಿದ ಕೂಡ್ಲೆ ಮಾಳಿಗಿ ಮ್ಯಾಲಿನ ಮೂಟಿಯಿಂದ ಟ್ಯಾಂಕಿಗೆ ಸೋಡಾ ಪುಡಿ ಬಿಡತೈತಿ. ಆ ಕ್ಷಾರದ ನೀರು ಕುಡದ್ರ ಕಲ್ಲು ಕರಗತೈತಿ."

"ನನ್ನ ಉಚ್ಚಿ ನೆಕ್ಕಾಕ ಯಂತ್ರ ಮಾಡಿಯೇನೋ, ಖೋಡಿ?"

ಬೈಯುತ್ತಲೇ ದ್ಯಾಮಪ್ಪ ಬಚ್ಚಲೊಳಗೆ ಹೋಗಿ ಬಂದ. ಡಬ್ಬಿ ಈರಣ್ಣನದೇ ದನಿಯಲ್ಲಿ ಓಣಿಗೆಲ್ಲ ಕೇಳುವಂತೆ, "ಮಾವ, ಸ್ವಲ್ಪ ಹುಳಿ" ಎಂದಿತು. ಎದುರು ಮನೆಯ ಕಟ್ಟೆಯಲ್ಲಿ ಕೂತವರು ನಕ್ಕರು.

ಮರುದಿನ ಬೆಳಿಗ್ಗೆ ಹೆಂಡತಿ ಗಂಗವ್ವ ಎಂದಿನಂತೆ ಆ್ಯಸಿಡ್ ಸುರಿದು ಬಚ್ಚಲು ತಿಕ್ಕಿದಳು. ಡಬ್ಬಿಗೆ ಬೆಂಕಿ ನೆಕ್ಕಿದಂತಾಯಿತು. "ಮಾವಾ! ಮಾವ ಹೋದಾ!" ಎಂದು ಅರಚುತ್ತ ಮೂಟೆ ಸೋಡಾವನ್ನೇ ಟ್ಯಾಂಕಿಗೆ ಸುರಿಯಿತು. ಮನೆಮುಂದಿನ ಕಟ್ಟೆಯಲ್ಲಿ ಚಹಾ ಕುಡಿಯುತ್ತಿದ್ದ ಮಾವ, ತಾನಿನ್ನೂ ಬಚ್ಚಲ ಕಡೆಗೇ ಹೋಗಿಲ್ಲವಲ್ಲ ಎಂದು ಯಂತ್ರಕ್ಕೂ ಅದರ ಅಪ್ಪನಿಗೂ ಸೇರಿಸಿ ಬೈದ.

ಅಷ್ಟರಲ್ಲಿ ಗಂಗವ್ವ ಕುಟ್ಟಿದ ಅರಿಶಿನ ಹರವಿದ್ದ ಅಗಲ ಪರಾತವನ್ನು ಬಚ್ಚಲ ನಲ್ಲಿಯಡಿ ಅವಸರದಲ್ಲಿ ತೊಳೆದು, ತಿರುಗಿ ನೋಡದೆ ಬಂದಳು. ಅವಳ ಹಿಂದೆಯೇ ದ್ಯಾಮಪ್ಪ ಹೋದ. ಕೂತೆದ್ದು ನೋಡುತ್ತಾನೆ, ಮೋರಿ ತುಂಬ ಕೆಂಪು!

"ಗಂಗೀ, ರಕ್ತ ಹೊಂಟೈತಿ!"

ಬೈಯುವುದೂ ಮರೆತುಹೋಗಿ, ಕೂಗಿಗೆ ಓಡಿಬಂದ ಈರಣ್ಣನ ಕುತ್ತಿಗೆಗೆ ಜೋತುಬಿದ್ದ. ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಹೊಲ, ಮನೆ, ಎಮ್ಮೆ ಯಾರಿಗೆ ಎಂದು ಹೇಳುತ್ತ ಹೋದ. ಎಮ್ಮೆ ಈರಣ್ಣನಿಗಂತೂ ಅಲ್ಲ.

ಡಾಕ್ಟರು ಪರದೆಯ ಮೇಲೆ ಹುಡುಕಿದರು, ಮತ್ತೊಮ್ಮೆ ಹುಡುಕಿದರು. ಕಲ್ಲೇ ಇಲ್ಲ. ಔಷಧ ಕರಗಿಸಿದೆ, ಮೂತ್ರದಲ್ಲಿ ರಕ್ತವೂ ಇಲ್ಲ, ನೀರು ಚೆನ್ನಾಗಿ ಕುಡಿಯಿರಿ ಎಂದರು. ದ್ಯಾಮಪ್ಪ ಅಲ್ಲೇ ಬೆಂಚಿನ ಮೇಲೆ ಕೂತು ಮಗುವಿನಂತೆ ಅತ್ತ. ಆದರೆ ಆ ಕೆಂಪು ಎಲ್ಲಿಂದ ಬಂತು?

ಮನೆಯ ಹೊಸ್ತಿಲಲ್ಲಿ ಗಂಗವ್ವ ಗಂಡನಿಗೆ ಆರತಿ ಎತ್ತಲು ತಟ್ಟೆ ಹಿಡಿದಿದ್ದಳು. ಟ್ಯಾಂಕಿನ ನಲ್ಲಿಯ ನೀರಿಗೆ ಅರಿಶಿನ ಹಾಕಿದಳು. ಕೆಂಪಾಗಲು ಚಿಟಿಕೆ ಸುಣ್ಣ ಬೆರೆಸಬೇಕೆಂದು ಕೈ ಚಾಚುವ ಮೊದಲೇ ನೀರು ರಕ್ತದಂತೆ ಕೆಂಪಾಯಿತು. ಮೂವರೂ ತಟ್ಟೆ ನೋಡಿದರು. ಆಮೇಲೆ ಇಬ್ಬರು ಈರಣ್ಣನನ್ನು ನೋಡಿದರು.

ದ್ಯಾಮಪ್ಪ ಆರತಿ ಮಾಡಿಸಿಕೊಂಡ. ಆಮೇಲೆ ಮೈದುನನ ಬೆನ್ನಿಗೊಂದು ಗುದ್ದಿ ಹೇಳಿದ:

"ಹೋಗ್ಲಿ ಬಿಡು. ನಿನ್ನ ಸೋಡಾದಿಂದ ಸುಣ್ಣಾದ್ರೂ ಉಳೀತು."