ಏಳನೆಯ ಗೂಟದ ಹಲಗೆ

ಗದಗ ಹೊಸ ಜಿಲ್ಲೆಯಾದ ಮೂರನೆಯ ವರ್ಷ, ಮಲ್ಲಸಮುದ್ರದ ಬಡಿಗ ಬುಡ್ಡೇಸಾಬನ ದನದ ಮನೆಯು ಆರು ವಿದ್ಯಾರ್ಥಿಗಳುಳ್ಳ ಮಾನ್ಯತೆ ಪಡೆದ ಗೃಹಪಾಠಶಾಲೆಯೆಂದು ದಾಖಲಾಯಿತು. ಆ ಆರರಲ್ಲಿ ಅವನ ಮಗಳು ಮಾತ್ರ ಇರಲಿಲ್ಲ.

ಹತ್ತು ವರ್ಷದ ಕೈನಾತ ಕಲಿಯುತ್ತಿದ್ದದ್ದು ಮನೆಯಲ್ಲೇ. ಲೆಕ್ಕ ಅಪ್ಪನ ಅಡಿಪಟ್ಟಿಯಿಂದ, ಅಕ್ಷರ ಉಳಿಯಿಂದ. ತಾಯಿ ಅಲ್ಮಾಸಬಿ ಬೇವಿನ ಹಲಗೆಯ ಮೇಲೆ ಹೆಸರು ಬರೆದುಕೊಡುವಳು, ಮಗಳು ಕೆತ್ತುವಳು. ಯಾವ ಜೀವವನ್ನು ಯಾರಿಂದ ಕೊಂಡರೋ ಅವರ ಹೆಸರಿನಿಂದಲೇ ಅದನ್ನು ಕರೆಯುವುದು ಆ ಮನೆಯ ರೂಢಿ. ಲಕ್ಕುಂಡಿಯ ದೇವವ್ವನಿಂದ ತಂದ ಎಮ್ಮೆ ದೇವವ್ವ, ಟಗರು ಪುಂಡಲೀಕಪ್ಪ, ಹೋತ ಮಹಬೂಬಸಾಬ. ಹೀಗೆ ಆರು ಗೂಟದ ಮೇಲೆ ಆರು ಹಲಗೆ.

ಶಾಲೆ ಬಿಟ್ಟ ಮಕ್ಕಳ ಪತ್ತೆ ಸಮಿತಿಯ ರಾಮಚಂದ್ರರಾಯರು, ಮನೆಯಲ್ಲೇ ಕಲಿಯುವ ಮಕ್ಕಳ ತಪಾಸಣೆಗೆ ಬಂದಾಗ ಅಂಗಳದ ತುಂಬ ಸಗಣಿ. ರಾಯರ ಬೂಟು ಹೊಸದು. ಜೀಪಿನಲ್ಲೇ ಕೂತು ಹಲಗೆಗಳನ್ನು ಓದಿ ಬರೆದುಕೊಂಡರು.

"ಆರು ಹೆಸರು ಅವ. ಮಾನ್ಯತಾ ಸಿಗತದ."

"ಸಾಹೇಬ್ರ, ಅವು ಎಮ್ಮಿ, ಆಡು ಅದಾವ್ರಿ," ಅಂದ ಬುಡ್ಡೇಸಾಬ.

"ಅದನ್ನ ಬರಿಯೋ ಕಾಲಂ ಈ ಫಾರ್ಮಿನ್ಯಾಗ ಇಲ್ಲಪಾ."

"ಮತ್ತ ನಮ್ಮ ಕೈನಾತ?"

ರಾಯರು ಹಲಗೆಗಳತ್ತ ಇನ್ನೊಮ್ಮೆ ಕಣ್ಣು ಹಾಯಿಸಿದರು. "ಆ ಹೆಸರು ಎಲ್ಲೂ ಕಾಣವಲ್ದು."

ಎಂಟು ದಿನಕ್ಕೆ ನೋಟೀಸು ಬಂತು. ಬುಡ್ಡೇಸಾಬ ಮೂರನೇ ಇಯತ್ತೆಗೇ ಶಾಲೆಗೆ ಸಲಾಮು ಹೊಡೆದವನು, ಓದಿ ಹೇಳಿದವಳು ಕೈನಾತಳೇ:

"ಸದರಿ ಶಾಲೆಯ ಆವರಣದಲ್ಲಿ ದಾಖಲಾಗದ ಬಾಲಕಿಯೊಬ್ಬಳು ಅಲೆದಾಡುತ್ತಿರುವುದು ಗಮನಕ್ಕೆ ಬಂದಿದೆ. ಇದರಿಂದ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಅಡಚಣೆಯಾಗುವ ಸಂಭವವಿರುತ್ತದೆ. ನಿಯಮ ಹನ್ನೊಂದರ ಪ್ರಕಾರ, ಬರುವ ಸೋಮವಾರ ಸದರಿಯವಳನ್ನು ದೂರದ ವಸತಿಶಾಲೆಗೆ ಸಾಗಿಸತಕ್ಕದ್ದು."

ಹಲಗೆ ಉಜ್ಜುತ್ತಿದ್ದ ಬುಡ್ಡೇಸಾಬನ ರಂದಾ ಅಲ್ಲೇ ನಿಂತಿತು. ಮನೆಯಲ್ಲಿರುವುದು ಒಂದೇ ಕೂಸು.

"ನಾ ಒಲ್ಲೆ ಅಬ್ಬಾ," ಅಂದಳು ಕೈನಾತ. "ದೇವವ್ವ ನನ್ನ ಬಿಟ್ಟು ಯಾರಿಗೂ ಹಾಲು ಬಿಡಂಗಿಲ್ಲ."

ಅಲ್ಮಾಸಬಿ ದನದ ಮನೆಯತ್ತ ನೋಡಿ ಕೇಳಿದಳು, "ಗೂಟ ಯಾವದರ ಖಾಲಿ ಐತೇನು?"

"ಹ್ವಾದ ಬಕ್ರೀದಿನ ಟಗರಿಂದು ಒಂದು ಐತಿ," ಅಂದ ಬುಡ್ಡೇಸಾಬ.

"ಹಂಗಾರ ಆತು, ಹಲಗಿ ಕೊಡ್ರಿ."

ಕೈನಾತ ತನ್ನ ಹೆಸರನ್ನು ತಾನೇ ಕೆತ್ತಿದಳು. ಎಲ್ಲಕ್ಕಿಂತ ಚೆಂದ ಬಂದದ್ದು ಅದೇ.

ಸೋಮವಾರ ಜೀಪು ಬಂತು. ರಾಯರು ಏಳನೆಯ ಹಲಗೆ ಓದಿದರು, ವಸತಿಶಾಲೆಯ ಕಾಗದ ಮಡಚಿಟ್ಟರು, ಹಾಜರಿ ಕರೆದರು.

"ದೇವವ್ವ."

ಎಮ್ಮೆ ದನಿ ತೆಗೆಯಿತು.

"ಪುಂಡಲೀಕಪ್ಪ."

ಟಗರೂ ಓಗೊಟ್ಟಿತು. ಹೋತ ಕರೆಯುವ ಮೊದಲೇ ಉತ್ತರ ಕೊಟ್ಟು ಶಿಸ್ತಿನ ಬಗ್ಗೆ ಎಚ್ಚರಿಕೆ ಪಡೆಯಿತು. ಎಲ್ಲರದೂ ಆದಮೇಲೆ, "ಕೈನಾತ."

"ಹಾಜರ್ ರೀ," ಅಂದಳು ಏಳನೆಯ ಗೂಟದ ಹತ್ತಿರ ನಿಂತಿದ್ದ ಹುಡುಗಿ.

ರಾಯರ ಪೆನ್ನು ನಿಂತಿತು. "ಈಕಿ ದನಿ ಉಳದವರಂಗ ಬರಲಿಲ್ಲಲಾ?"

"ಹೊಸಾಕಿ ಅದಾಳ್ರಿ, ಕಲೀತಾಳ," ಅಂದಳು ಅಲ್ಮಾಸಬಿ.

"ಒಂದು ತಿಂಗಳ ವಾಯಿದೆ ಕೊಟ್ಟೀನಿ. ಅಷ್ಟ್ರಾಗ ಸುಧಾರಿಸಬೇಕು. ಇಲ್ಲಾಂದ್ರ ವಸತಿಶಾಲಿನ ಗತಿ."

ಅಂದಿನಿಂದ ಕೈನಾತ ಹಾಲು ಹಿಂಡುತ್ತ ದೇವವ್ವನ ಜೊತೆ ದನಿ ತೀಡಿದಳು. ಬುಡ್ಡೇಸಾಬ ರಂದಾ ಹೊಡೆಯುತ್ತಲೇ ಕಿವಿಗೊಡುವನು. "ಇನ್ನೊಂದೀಟು ಮೂಗಿನಾಗ ಬರ್ಲಿ ಬೇಟಿ. ಆಕೀನ್ನ ಕೇಳು."

ತಿಂಗಳು ತುಂಬಿದ ದಿನ ರಾಯರು ಹೆಸರು ಕರೆದರು. ಬಂದ ಉತ್ತರಕ್ಕೆ ದೇವವ್ವಳೇ ಮೆಲುಕು ನಿಲ್ಲಿಸಿ ತಿರುಗಿ ನೋಡಿದಳು. ರಾಯರು, "ಪ್ರಗತಿ ತೃಪ್ತಿಕರ" ಎಂದು ಬರೆದರು.

ಬುಡ್ಡೇಸಾಬನ ಕಣ್ಣು ತುಂಬಿತು. ಅವನ ಮನೆತನದಲ್ಲಿ ಪಾಸಾದವಳು ಈಕೆಯೇ ಮೊದಲು.